ಟಾಕೀಸಿನಿಂದ ಶುರುವಾದ ಸಿನಿಮಾ: ಬುರ್ಕಿನಾ ಫಾಸೊ

ಪಶ್ಚಿಮ ಆಫ್ರಿಕಾದ ಅಪ್ಪರ್ ವೋಲ್ಟಾ 1960ರ ಆಗಸ್ಟ್ 5ರಂದು ಫ್ರಾನ್ಸಿನಿಂದ ಸ್ವತಂತ್ರವಾದಾಗ ಅಲ್ಲಿ ಟಾಕೀಸುಗಳಿದ್ದವು, ಪ್ರೇಕ್ಷಕರಿದ್ದರು; ಆ ನೆಲದವರೇ ತೆಗೆದ ಕಥಾಚಿತ್ರ ಮಾತ್ರ ಒಂದೂ ಇರಲಿಲ್ಲ. 1934ರ ಲಾವಾಲ್ ಆಜ್ಞೆಯ ಪ್ರಕಾರ ಫ್ರೆಂಚ್ ವಸಾಹತುಗಳಲ್ಲಿ ಚಿತ್ರೀಕರಣಕ್ಕೆ ಸರ್ಕಾರದ ಅನುಮತಿ ಬೇಕಿತ್ತು. ಆಫ್ರಿಕನ್ನರ ಕೈಗೆ ಕ್ಯಾಮೆರಾ ಸಿಗದಂತೆ ನೋಡಿಕೊಳ್ಳಲು ಅಷ್ಟೇ ಸಾಕಾಯಿತು. ವಿತರಣೆಯನ್ನು ಕೊಮಾಸಿಕೊ ಮತ್ತು ಸೆಕ್ಮಾ ಎಂಬ ಎರಡು ಫ್ರೆಂಚ್ ಕಂಪನಿಗಳು ತಮ್ಮತಮ್ಮಲ್ಲೇ ಹಂಚಿಕೊಂಡಿದ್ದವು. ಅಮೆರಿಕದ ಕೌಬಾಯ್ ಚಿತ್ರ, ಫ್ರೆಂಚ್ ಪತ್ತೇದಾರಿ, ಹಿಂದಿ ಚಿತ್ರಗಳ ಹಳೆಯ ಪ್ರಿಂಟುಗಳು ಊರಿಂದೂರಿಗೆ ತಿರುಗುತ್ತಿದ್ದವು. ಯಾವುದು ಎಲ್ಲಿ ಓಡಬೇಕು, ಟಿಕೆಟ್ ಎಷ್ಟು ಎಂಬುದೆಲ್ಲ ಅವರದೇ ತೀರ್ಮಾನ.

1969ರ ಫೆಬ್ರವರಿಯಲ್ಲಿ ರಾಜಧಾನಿ ವಾಗಡೂಗುವಿನ ಸಿನಿಮಾಪ್ರಿಯರು ಆಫ್ರಿಕನ್ ಚಿತ್ರಗಳ ಉತ್ಸವವೊಂದನ್ನು ನಡೆಸಿದರು. ಸಂಘಟನಾ ಸಮಿತಿಯ ಅಧ್ಯಕ್ಷೆ ಅಲಿಮತಾ ಸಲಂಬೆರೆ. ತಮ್ಮಂಥವರೇ ಪರದೆಯ ಮೇಲೆ ಓಡಾಡುವುದನ್ನು ಅಲ್ಲಿನ ಬಹುಪಾಲು ಜನ ನೋಡಿದ್ದು ಅದೇ ಮೊದಲು. 1972ರಿಂದ ಇದೇ ಉತ್ಸವ ಫೆಸ್ಪಾಕೊ ಎಂದು ಹೆಸರಾಯಿತು. ಮೊಸ್ಸಿ ಜನಾಂಗದ ಮೂಲಮಾತೆಯೆನಿಸಿದ, ಕುದುರೆಯೇರಿದ ರಾಜಕುಮಾರಿ ಯೆನ್ನೆಂಗಾಳ ನೆನಪಿನ ‘ಯೆನ್ನೆಂಗಾ ಕುದುರೆ’ ಅದರ ಪರಮೋಚ್ಚ ಪ್ರಶಸ್ತಿ.

ಉತ್ಸವದ ಬೆನ್ನಲ್ಲೇ ಇನ್ನೂ ದಿಟ್ಟ ಹೆಜ್ಜೆ ಬಂತು. ಟಿಕೆಟ್ ದರದ ವಿಚಾರದಲ್ಲಿ ಕಂಪನಿಗಳಿಗೂ ಸರ್ಕಾರಕ್ಕೂ ಜಟಾಪಟಿಯಾಗಿ, 1970ರ ಜನವರಿಯಲ್ಲಿ ಸಾಂಗುಲೆ ಲಮಿಜಾನಾ ಸರ್ಕಾರ ಟಾಕೀಸುಗಳನ್ನು ರಾಷ್ಟ್ರೀಕರಣ ಮಾಡಿ ‘ಸೊನಾವೊಸಿ’ ಎಂಬ ಸರ್ಕಾರಿ ನಿಗಮದ ವಶಕ್ಕೆ ಕೊಟ್ಟಿತು. ಕಂಪನಿಗಳು ಸುಮ್ಮನಿರಲಿಲ್ಲ, ಚಿತ್ರ ಕೊಡುವುದನ್ನೇ ನಿಲ್ಲಿಸಿದವು. ಕಟ್ಟಡ, ಪ್ರೊಜೆಕ್ಟರು ಸರ್ಕಾರದ ಕೈಗೆ ಬಂದರೂ ಅದರಲ್ಲಿ ಹಾಕುವ ರೀಲು ಪರರ ಕೈಯಲ್ಲೇ ಉಳಿಯಿತು. ಕೊನೆಗೆ ಅವರೊಂದಿಗೇ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಈ ಒಂದು ಗಂಟು ಬುರ್ಕಿನಾ ಸಿನಿಮಾವನ್ನು ಮುಂದೆಯೂ ಕಾಡಿತು. ಹಲವು ಫ್ರೆಂಚ್ ಭಾಷಿಕ ದೇಶಗಳು ಸೇರಿ ವಾಗಡೂಗುವಿನಲ್ಲಿ ಕಟ್ಟಿದ ವಿತರಣಾ ಒಕ್ಕೂಟ ಇದನ್ನು ಬಿಡಿಸಲು ಹೊರಟಿತ್ತು. ಸದಸ್ಯ ದೇಶಗಳಿಂದ ಬರಬೇಕಾದ ಹಣ ಸರಿಯಾಗಿ ಬಾರದೆ 1980ರ ದಶಕದ ನಡುವೆ ಅದೂ ಕುಸಿಯಿತು.

ಆದರೂ ರಾಷ್ಟ್ರೀಕರಣ ವ್ಯರ್ಥವಾಗಲಿಲ್ಲ. ಟಿಕೆಟ್ ಹಣದ ಒಂದು ಪಾಲು ಚಿತ್ರನಿರ್ಮಾಣದ ನಿಧಿಗೆ ಹೋಗುವ ಏರ್ಪಾಡಾಯಿತು. ಕೌಬಾಯ್ ಚಿತ್ರ ನೋಡಲು ಬಂದವನ ಕಾಸು ದೇಶದ ಸಿನಿಮಾಕ್ಕೆ ಬಂಡವಾಳವಾಯಿತು ಎನ್ನಬಹುದು. ಜಾತಿ ಅಡ್ಡಬಂದ ಪ್ರೇಮದ ಕಥೆ ಹೇಳುವ ಮಾಮಡು ಜಿಮ್ ಕೋಲಾ ಅವರ ‘ಲ ಸಾಂಗ್ ದೆ ಪರಿಯಾ’ ದೇಶದ ಮೊದಲ ಕಥಾಚಿತ್ರ. 1976ರಲ್ಲಿ ವಾಗಡೂಗು ವಿಶ್ವವಿದ್ಯಾಲಯದಲ್ಲಿ ಇನಾಫೆಕ್ ಎಂಬ ಸಿನಿಮಾ ಶಾಲೆ ತೆರೆಯಿತು. ಹಣದ ಅಭಾವದಿಂದ 1987ರಲ್ಲಿ ಮುಚ್ಚುವ ಹೊತ್ತಿಗೆ ಅದು ಒಂದು ತಲೆಮಾರನ್ನೇ ತಯಾರು ಮಾಡಿತ್ತು.

ಆ ಶಾಲೆಯಲ್ಲಿ ಪಾಠ ಮಾಡಿದ ಗ್ಯಾಸ್ಟನ್ ಕಬೋರೆ ಮೂಲತಃ ಇತಿಹಾಸದ ವಿದ್ಯಾರ್ಥಿ. ಅವರ ‘ವೆಂಡ್ ಕೂನಿ’ (1982) ವಸಾಹತುಪೂರ್ವ ಕಾಲದ ಮೊಸ್ಸಿ ಹಳ್ಳಿಯಲ್ಲಿ ನಡೆಯುತ್ತದೆ. ಪೊದೆಗಾಡಿನಲ್ಲಿ ಬಿದ್ದಿದ್ದ ಮೂಕ ಹುಡುಗನನ್ನು ವ್ಯಾಪಾರಿಯೊಬ್ಬ ಕಾಣುತ್ತಾನೆ. ಒಂದು ಮನೆಯವರು ಸಾಕಿಕೊಳ್ಳುತ್ತಾರೆ. ದಿನಗಳು ಹೊಲ, ಮೇಕೆ, ಸಂತೆಯಲ್ಲಿ ಕಳೆಯುತ್ತವೆ. ಒಂದು ದಿನ ಮರಕ್ಕೆ ನೇಣು ಹಾಕಿಕೊಂಡವನನ್ನು ಕಂಡಾಗ ಆ ಆಘಾತಕ್ಕೆ ಹುಡುಗನಿಗೆ ಮಾತು ಮರಳುತ್ತದೆ, ತಾಯಿಯನ್ನು ಕಳೆದುಕೊಂಡ ಕಥೆಯನ್ನು ಅವನೇ ಹೇಳುತ್ತಾನೆ. ಬಿಳಿಯರು ಇಡೀ ಚಿತ್ರದಲ್ಲಿ ಎಲ್ಲೂ ಇಲ್ಲ; ಅವರ ವಿರುದ್ಧದ ಭಾಷಣವೂ ಇಲ್ಲ. ಸೆನೆಗಲ್‌ನ ನಿರ್ದೇಶಕ ಉಸ್ಮಾನ್ ಸೆಂಬೆನ್ ಅವರ ನೇರ ರಾಜಕೀಯಕ್ಕಿಂತ ಇದು ಬೇರೆಯೇ ದಾರಿ. 1985ರಲ್ಲಿ ಚಿತ್ರಕ್ಕೆ ಫ್ರಾನ್ಸಿನ ಸೆಸಾರ್ ಪ್ರಶಸ್ತಿ ಬಂತು. ಇದ್ರಿಸ್ಸಾ ವೆದ್ರಾವೊಗೊ ಅದೇ ದಾರಿಯನ್ನು ಅಗಲ ಮಾಡಿದರು. ‘ಯಾಬಾ’ದಲ್ಲಿ (1989) ಊರು ಮಾಟಗಾತಿಯೆಂದು ದೂರವಿಟ್ಟ ಮುದುಕಿಯನ್ನು ಒಬ್ಬ ಹುಡುಗ ಅಜ್ಜಿಯೆನ್ನುತ್ತಾನೆ. ‘ತಿಲಾಯ್’ 1990ರಲ್ಲಿ ಕಾನ್ ಉತ್ಸವದ ಗ್ರ್ಯಾಂಡ್ ಪ್ರೀ ಗೆದ್ದಿತು.

ಈ ನಡುವೆ 1983ರಲ್ಲಿ ಅಧಿಕಾರಕ್ಕೆ ಬಂದ ಥಾಮಸ್ ಸಂಕಾರಾ ಮರುವರ್ಷ ದೇಶಕ್ಕೆ ಬುರ್ಕಿನಾ ಫಾಸೊ ಎಂಬ ಹೆಸರಿಟ್ಟರು. ಅವರ ಕಾಲದಲ್ಲಿ ಫೆಸ್ಪಾಕೊ ಇಡೀ ಖಂಡದ ಹಬ್ಬವಾಯಿತು. 1987ರಲ್ಲಿ ಅವರ ಹತ್ಯೆಯಾದ ಮೇಲೂ ಉತ್ಸವ ನಿಲ್ಲಲಿಲ್ಲ.

ಸಿನಿಮಾದ ಆರ್ಥಿಕ ತಳಹದಿ ಮಾತ್ರ ಸಡಿಲವಾಗುತ್ತಿತ್ತು. 1994ರ ಜನವರಿಯಲ್ಲಿ ಫ್ರೆಂಚ್ ಫ್ರಾಂಕ್‌ನೊಂದಿಗೆ ತಳುಕು ಹಾಕಿಕೊಂಡಿದ್ದ ದೇಶದ ಸಿ.ಎಫ್.ಎ. ನಾಣ್ಯದ ಮೌಲ್ಯವನ್ನು ಅರ್ಧಕ್ಕಿಳಿಸಲಾಯಿತು. ಫಿಲ್ಮ್ ತರಿಸುವುದು, ಪ್ಯಾರಿಸ್ಸಿನ ಲ್ಯಾಬಿನಲ್ಲಿ ತೊಳೆಸುವುದು ಎಲ್ಲವೂ ದುಪ್ಪಟ್ಟು ದುಬಾರಿಯಾಯಿತು. ಹೊಸ ಶತಮಾನದ ಆರಂಭದಲ್ಲಿ ಸರ್ಕಾರಿ ನಿಗಮ ಬಾಗಿಲು ಹಾಕಿತು, ಟಾಕೀಸುಗಳು ಒಂದೊಂದಾಗಿ ಮುಚ್ಚಿದವು. 2009ರ ಸೆಪ್ಟೆಂಬರ್ 1ರ ಪ್ರವಾಹ ವಾಗಡೂಗುವಿನ ಚಿತ್ರಭಂಡಾರಕ್ಕೂ ನುಗ್ಗಿತು. ನಂತರ ನಗರಕ್ಕೆ ಬಂದ ಹೊಸ ಚಿತ್ರಮಂದಿರಗಳಲ್ಲಿ ಫ್ರೆಂಚ್ ಸಮೂಹವೊಂದರ ಕೆನಾಲ್‌ಒಲಿಂಪಿಯಾ ಪ್ರಮುಖವಾದುದು ಎಂಬುದನ್ನು 1970ರ ಮಂತ್ರಿಗಳು ಹೇಗೆ ಸ್ವೀಕರಿಸುತ್ತಿದ್ದರೋ!

ಚಿತ್ರ ತೆಗೆಯುವುದನ್ನು ಅಗ್ಗದ ವಿಡಿಯೊ ಉಳಿಸಿತು. ಸೆಲ್ಯುಲಾಯ್ಡ್ ಪ್ರಿಂಟೇ ಬೇಕೆಂಬ ಹಟವನ್ನು ಫೆಸ್ಪಾಕೊ 2015ರಲ್ಲಿ ಬಿಟ್ಟಿತು. ತವರಿನ ಚಿತ್ರಕ್ಕೆ ಯೆನ್ನೆಂಗಾ ಕುದುರೆ ಬಂದದ್ದು ಬಲು ಅಪರೂಪ: 1991ರಲ್ಲಿ ‘ತಿಲಾಯ್’, 1997ರಲ್ಲಿ ಕಬೋರೆಯವರ ‘ಬೂಡ್ ಯಾಮ್’. ಮೂರನೆಯದು ಬಂದದ್ದು 2025ರಲ್ಲಿ, ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಅನ್ನು ಮೊಸ್ಸಿಗಳ ಮೋರೆ ಭಾಷೆಗೆ ಒಗ್ಗಿಸಿಕೊಂಡ ದಾನಿ ಕುಯಾಟೆ ಅವರ ‘ಕಟಾಂಗಾ’ ಚಿತ್ರಕ್ಕೆ.