ಅಂಕಿತ

ವಚನ, ಕೀರ್ತನೆ, ತತ್ವಪದಗಳ ಕೊನೆಯಲ್ಲಿ ಬಂದು ರಚನೆ ಯಾರದೆಂಬುದನ್ನು ಗುರುತಿಸಿಕೊಡುವ ನಾಮಮುದ್ರೆ. ಮುದ್ರಿಕೆ ಎಂದೂ ಕರೆಯುತ್ತಾರೆ. ಕನ್ನಡದ ಬಹುಪಾಲು ಅಂಕಿತಗಳಲ್ಲಿ ಹಾಡಿದವರ ಹೆಸರಿರುವುದಿಲ್ಲ, ಅವರ ದೈವದ ಹೆಸರಿರುತ್ತದೆ. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ, ಅಲ್ಲಮನದು ಗುಹೇಶ್ವರ, ಜೇಡರ ದಾಸಿಮಯ್ಯನದು ರಾಮನಾಥ. ಮರಾಠಿ ಅಭಂಗಗಳಲ್ಲಿ ತುಕಾರಾಮರೂ ಹಿಂದಿಯ ಪದಗಳಲ್ಲಿ ಕಬೀರರೂ ತಮ್ಮ ಹೆಸರನ್ನೇ ಹೇಳಿಕೊಳ್ಳುತ್ತಾರೆ. ಕನ್ನಡದ ಶರಣರು ಮತ್ತು ದಾಸರು ತಮ್ಮ ಹೆಸರು ಇರಬೇಕಾದ ಜಾಗದಲ್ಲಿ ತಾವು ಯಾರಿಗೆ ಸೇರಿದವರೋ ಅವರನ್ನು ಕೂರಿಸಿದ್ದಾರೆ.

ಅಹಂಕಾರ ಅಳಿಯಲೆಂದೇ ಈ ಏರ್ಪಾಡು ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಈ ವಿವರಣೆ ಅರ್ಧ ಮಾತ್ರ ಸರಿ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ವಚನಗಳಲ್ಲಿ ‘ನಾನು’ ಅಳಿಸಿಹೋಗಿಲ್ಲ. ಅಂಜುತ್ತದೆ, ನಾಚುತ್ತದೆ, ತಪ್ಪೊಪ್ಪಿಕೊಳ್ಳುತ್ತದೆ, ಕೆಲವೊಮ್ಮೆ ದೇವರೊಡನೆ ಜಗಳಕ್ಕೇ ನಿಲ್ಲುತ್ತದೆ. ಅದಕ್ಕೂ ಮುಂಚಿನ ಪಂಪ ಕ್ರಿ.ಶ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿ ಕಾವ್ಯ ಕಟ್ಟಿದ. ಹನ್ನೆರಡನೆಯ ಶತಮಾನದ ವಚನದಲ್ಲಿ ಅರಸನಿಗೆ ಆ ಜಾಗವಿಲ್ಲ. ಅಗಸ, ನೇಕಾರ, ಸಮಗಾರ ಯಾರೇ ಆಗಲಿ, ಮಧ್ಯಸ್ಥರಿಲ್ಲದೆ ನೇರವಾಗಿ ತನ್ನ ದೈವವನ್ನು ಕರೆದು ತನ್ನ ಮಾತನ್ನು ಹೇಳಬಹುದಾಗಿತ್ತು. ಎದುರಿಗೆ ಕೇಳುವವನೊಬ್ಬ ಇದ್ದಾನೆಂಬ ಭರವಸೆಯಿಂದಲೇ ವಚನಕಾರರಿಗೆ ತಮ್ಮ ಬಗ್ಗೆ ಅಷ್ಟು ಬಿಚ್ಚಿ ಮಾತಾಡಲು ಸಾಧ್ಯವಾಯಿತು.

ಎಷ್ಟೋ ಅಂಕಿತಗಳು ಒಂದು ಊರಿನ ದೈವದವು. ಕೂಡಲಸಂಗಮ ಕೃಷ್ಣಾ–ಮಲಪ್ರಭಾ ನದಿಗಳು ಕೂಡುವ ಸ್ಥಳ. ಬಸವಣ್ಣನವರು ಅಲ್ಲಿಂದ ಕಲ್ಯಾಣಕ್ಕೆ ಹೋದ ಮೇಲೂ ಸಂಗಮನಾಥನ ಹೆಸರು ಅವರ ಪ್ರತಿ ವಚನದಲ್ಲೂ ಜೊತೆಗಿತ್ತು. ಕನಕದಾಸರದು ಕಾಗಿನೆಲೆಯಾದಿಕೇಶವ. ಮುಸಲ್ಮಾನ ಮನೆತನದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದ ಶರೀಫರು (1819–1889) ತಮ್ಮೂರಿನ ಶಿಶುನಾಳಾಧೀಶನ ಹೆಸರಿನಲ್ಲಿ ಹಾಡಿದರು.

ಈ ರೂಢಿಗೆ ಎದ್ದುಕಾಣುವ ಅಪವಾದ ಅಂಬಿಗರ ಚೌಡಯ್ಯ. ದೋಣಿ ನಡೆಸುವ ಕಾಯಕದ ಈ ಶರಣನ ಅಂಕಿತ ಅವನ ಹೆಸರೇ. ಡಾಂಭಿಕ ಗುರುಗಳನ್ನೂ ಪೊಳ್ಳು ಭಕ್ತರನ್ನೂ ಮುಲಾಜಿಲ್ಲದೆ ಬಯ್ದು, ಕೊನೆಗೆ ಹೀಗೆಂದವನು ಅಂಬಿಗರ ಚೌಡಯ್ಯ ಎಂದು ಮುಗಿಸುತ್ತಾನೆ. ತನ್ನನ್ನು ತಾನೇ ಮೂರನೆಯವನಂತೆ ಹೆಸರಿಸುವ ಧಾಟಿ ಅದು. ಆ ಹೆಸರಿನಲ್ಲಿ ಕಾಯಕವೂ ಕುಲವೂ ಸೇರಿಕೊಂಡಿರುವುದರಿಂದ ಒಬ್ಬನ ದನಿಯ ಹಿಂದೆ ಹೊಳೆ ದಾಟಿಸುವ ಸಮುದಾಯವೊಂದು ನಿಂತಂತಾಗುತ್ತದೆ. ಬೈಗುಳದ ಹೊಣೆಯನ್ನು ದೇವರ ತಲೆಗೆ ಕಟ್ಟದೆ ತನ್ನ ಹೆಸರಿನಲ್ಲೇ ಹೊತ್ತುಕೊಂಡ ಈ ಧೈರ್ಯಕ್ಕೆ ವಚನ ಸಾಹಿತ್ಯದಲ್ಲಿ ಸಾಟಿಯಿಲ್ಲ.

ಶರಣೆಯರ ಅಂಕಿತಗಳಲ್ಲಿ ಸಂಬಂಧದ ಎಳೆಗಳು ಇನ್ನಷ್ಟು ತೊಡಕಿನವು. ಬಸವಣ್ಣನವರ ಅಕ್ಕ ನಾಗಲಾಂಬಿಕೆಯದು ಬಸವಣ್ಣಪ್ರಿಯ ಚೆನ್ನಸಂಗಯ್ಯ. ಮುಕ್ತಾಯಕ್ಕನಿಗೆ ಅಣ್ಣ ಅಜಗಣ್ಣನೇ ಗುರು. ಅವನ ಸಾವಿನ ದುಃಖದಲ್ಲಿ ಅಲ್ಲಮನೊಡನೆ ವಾದಕ್ಕಿಳಿದ ಅವಳ ವಚನಗಳಲ್ಲಿ ಅಜಗಣ್ಣನೇ ಅಂಕಿತವೂ ಹೌದು. ಆಯ್ದಕ್ಕಿ ಲಕ್ಕಮ್ಮ ತನ್ನ ಅಂಕಿತವನ್ನು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂದು ಇಟ್ಟುಕೊಂಡಳು. ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ದಂಪತಿ ಇವರು. ಒಂದು ದಿನ ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಂಥ ಆಸೆ ನಮಗೆ ತಕ್ಕುದಲ್ಲ, ಸುರಿದು ಬಾ ಎಂದು ಅವಳು ಹಿಂದಕ್ಕೆ ಕಳಿಸಿದಳೆಂಬುದು ಪ್ರಸಿದ್ಧ ಪ್ರಸಂಗ. ಗಂಡನನ್ನು ತಿದ್ದುವ ಆ ವಚನಗಳ ಕೊನೆಯಲ್ಲೂ ಗಂಡನ ಹೆಸರಿದೆ. ಇದನ್ನು ಬರಿಯ ಅಧೀನತೆ ಎಂದು ಓದಿದರೆ ಲಕ್ಕಮ್ಮನಿಗೆ ಅನ್ಯಾಯವಾಗುತ್ತದೆ. ಗಂಡ ಪ್ರಿಯನಾಗಿದ್ದ ದೇವರನ್ನೇ ಸಾಕ್ಷಿಗೆ ಕರೆದು ಅವಳು ಗಂಡನನ್ನು ಎಚ್ಚರಿಸುತ್ತಿದ್ದಾಳೆ. ಕಾಯಕದ ನಿಷ್ಠೆಯಲ್ಲಿ ಅವನಿಗಿಂತ ಒಂದು ಹೆಜ್ಜೆ ಮುಂದೆ ಇದ್ದವಳು ಅವಳೇ.

ದಾಸ ಪರಂಪರೆಯಲ್ಲಿ ಅಂಕಿತವನ್ನು ಪಡೆಯುವುದೇ ದೀಕ್ಷೆ. ಅದನ್ನು ಗುರು ಕೊಡಬೇಕು. ಪುರಂದರದಾಸರಿಗೆ ಪುರಂದರವಿಠಲ ಎಂಬ ಅಂಕಿತವನ್ನು ಕೊಟ್ಟವರು ವ್ಯಾಸರಾಯರು. ವಿಜಯದಾಸರಿಗೆ (1682–1755) ಪುರಂದರದಾಸರೇ ಸ್ವಪ್ನದಲ್ಲಿ ಬಂದು ಅಂಕಿತವಿತ್ತರೆಂಬ ನಂಬಿಕೆಯಿದೆ. ವಿಜಯವಿಠಲ, ಗೋಪಾಲವಿಠಲ, ಮೋಹನವಿಠಲ, ಜಗನ್ನಾಥವಿಠಲ ಎಂಬ ಸಾಲಿನಲ್ಲಿ ಮೊದಲ ಭಾಗ ಒಬ್ಬೊಬ್ಬರದು, ಎರಡನೆಯ ಭಾಗ ಎಲ್ಲರದು. ಜಗನ್ನಾಥದಾಸರ ಕಥೆ ಇಲ್ಲಿ ಮುಖ್ಯ. ಮಾನ್ವಿಯ ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ಪಂಡಿತರಾಗಿದ್ದ ಅವರಿಗೆ ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರವಿತ್ತು. ಕಾಯಿಲೆ ಬಿದ್ದು, ವಿಜಯದಾಸರ ಮಾತಿನಂತೆ ಗೋಪಾಲದಾಸರ ಬಳಿ ಹೋಗಿ ಗುಣವಾದರೆಂದೂ ಪಂಢರಾಪುರದ ಚಂದ್ರಭಾಗೆಯಲ್ಲಿ ಮುಳುಗಿದಾಗ ಅವರಿಗೆ ಅಂಕಿತ ದೊರೆಯಿತೆಂದೂ ಸಂಪ್ರದಾಯ ಹೇಳುತ್ತದೆ. ಆಚಾರ್ಯರಾಗಿದ್ದವರು ದಾಸರಾಗಿ, ತಾವು ಹಗುರವಾಗಿ ಕಂಡಿದ್ದ ಭಾಷೆಯಲ್ಲೇ ‘ಹರಿಕಥಾಮೃತಸಾರ’ ಬರೆದರು. ಭಜನೆಯ ಕೂಟದಲ್ಲಿ ಇಂದಿಗೂ ಕೊನೆಯ ಚರಣದ ಅಂಕಿತ ಬಂದೊಡನೆ ಹಾಡಿದವರು ಯಾವ ದಾಸರೆಂದು ಬಲ್ಲವರಿಗೆ ತಿಳಿಯುತ್ತದೆ.

ಹಸ್ತಪ್ರತಿಗಳ ಸಂಪಾದಕರಿಗೆ ಅಂಕಿತ ಆಧಾರವೂ ಹೌದು, ತೊಡಕೂ ಹೌದು. ತಾಳೆಗರಿಗಳಲ್ಲಿ ವಚನಗಳು ಬಹಳ ಸಲ ಕರ್ತೃವಿನ ಹೆಸರಿಲ್ಲದೆ ಬರುವುದರಿಂದ ಅಂಕಿತವನ್ನು ಹಿಡಿದೇ ಅವನ್ನು ವಿಂಗಡಿಸಬೇಕಾಗುತ್ತದೆ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಕಾಲದಿಂದಲೂ ಪ್ರಕ್ಷಿಪ್ತದ ಪ್ರಶ್ನೆ ವಿದ್ವಾಂಸರನ್ನು ಕಾಡಿದೆ: ಪ್ರಸಿದ್ಧ ಅಂಕಿತವೊಂದನ್ನು ಬಳಸಿ ಯಾರು ಬೇಕಾದರೂ ವಚನ ಕಟ್ಟಿ ಸೇರಿಸಬಹುದಾಗಿತ್ತು. ಇನ್ನೊಂದೆಡೆ, ಹೆಸರು ಪೂರ್ತಿ ಮರೆತುಹೋಗಿ ಅಂಕಿತವಷ್ಟೇ ಉಳಿದ ವಚನಕಾರರೂ ಇದ್ದಾರೆ. ಕರ್ನಾಟಕ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳಲ್ಲಿ ಅವರನ್ನು ಅಜ್ಞಾತರೆಂದು ಕರೆದು, ಅಂಕಿತದ ಕೆಳಗೆ ವಚನಗಳನ್ನು ಜೋಡಿಸಲಾಗಿದೆ. ಹೆಸರನ್ನು ಬಿಟ್ಟುಕೊಟ್ಟವರ ಮಾತು ಹಾಗಾದರೂ ಉಳಿದು ಬಂದಿತು.

ಅಂಕಿತ ಯಾರ ಸ್ವತ್ತು ಎಂಬ ಪ್ರಶ್ನೆ ನಮ್ಮ ಕಾಲದಲ್ಲಿ ನ್ಯಾಯಾಲಯಕ್ಕೂ ಹೋಯಿತು. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬುದನ್ನು ಲಿಂಗದೇವ ಎಂದು ಬದಲಿಸಿದಾಗ ಭಕ್ತರು ತೀವ್ರವಾಗಿ ವಿರೋಧಿಸಿದರು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪುಸ್ತಕ ನಿಷೇಧ ಒಳ್ಳೆಯ ದಾರಿಯಲ್ಲ. ಆದರೆ ಎಂಟು ಶತಮಾನ ಸಾವಿರಾರು ಬಾಯಿಗಳಲ್ಲಿ ಉಳಿದುಬಂದ ಆ ಹೆಸರನ್ನು ಒಬ್ಬರು ತಮ್ಮ ಅರಿವಿನ ಬಲದಿಂದ ಬದಲಿಸಬಾರದೆಂದು ಜನ ನೊಂದು ಹೇಳಿದ್ದು ನ್ಯಾಯವಾಗಿಯೇ ಇತ್ತು.

ಆಧುನಿಕ ಕವಿಗಳ ಕಾವ್ಯನಾಮವನ್ನು ಅಂಕಿತದೊಡನೆ ಬೆರೆಸಬಾರದು. ಕಾವ್ಯನಾಮ ಪುಸ್ತಕದ ಹೊದಿಕೆಯ ಮೇಲಿರುತ್ತದೆ; ಅಂಕಿತ ವಾಕ್ಯದೊಳಗೇ ಬಂದು ಅರ್ಥದ ಭಾಗವಾಗುತ್ತದೆ. ದ.ರಾ. ಬೇಂದ್ರೆಯವರು ತಮ್ಮನ್ನು ತಾಯಿಯ ಮಗನೆಂದು ಹೇಳಿಕೊಂಡ ‘ಅಂಬಿಕಾತನಯದತ್ತ’ ಮಾತ್ರ ಎರಡಕ್ಕೂ ಹತ್ತಿರದ್ದು. ವಚನದ ಧಾಟಿಯನ್ನು ಇಪ್ಪತ್ತನೆಯ ಶತಮಾನದಲ್ಲಿ ಮುಂದುವರಿಸಿದವರು ಅಂಕಿತವನ್ನೂ ಉಳಿಸಿಕೊಂಡರು. ಸಿದ್ಧಯ್ಯ ಪುರಾಣಿಕರ ಆಧುನಿಕ ವಚನಗಳು ‘ಸ್ವತಂತ್ರಧೀರ ಸಿದ್ಧೇಶ್ವರ’ ಎಂಬ ಅಂಕಿತದವು.