ಕಣಜದ ಕಾವಲುಗಾರನಿಗೆ ಬೊಜ್ಜು ಬಂದ ಕಥೆ

ರಾಜರ ಚರಿತ್ರೆ ನಮಗೆಲ್ಲ ಗೊತ್ತು. ಕೋಟೆಯ ಚರಿತ್ರೆಯೂ ಗೊತ್ತು. ಆದರೆ ನಮ್ಮ ಒಲೆಯ ಪಕ್ಕದಲ್ಲೇ ಮಲಗಿರುವ ಬೆಕ್ಕಿಗೂ ಒಂದು ಚರಿತ್ರೆ ಇದೆ ಎಂದರೆ ಮಕ್ಕಳು ನಗುತ್ತಾರೆ! ನಗಲಿ. ನಕ್ಕ ಮೇಲೆ ಸ್ವಲ್ಪ ಯೋಚಿಸೋಣ. ನಮ್ಮ ಅಜ್ಜಂದಿರ ಕಾಲದ ಬೆಕ್ಕು ತೆಳ್ಳಗೆ, ಚುರುಕಾಗಿ, ಅಟ್ಟದಿಂದ ಅಟ್ಟಕ್ಕೆ ಹಾರುತ್ತಿತ್ತು. ಇಂದು ಪೇಟೆಯ ಎಷ್ಟೋ ಮನೆಗಳಲ್ಲಿ ಬೆಕ್ಕು ಉರುಟು ದಿಂಬಿನಂತಾಗಿದೆ. ಕರೆದರೆ ಕಿವಿ ಮಾತ್ರ ಅಲ್ಲಾಡಿಸುತ್ತದೆ, ಏಳುವುದಿಲ್ಲ. ಇದು ಹೇಗಾಯಿತು? ಇದಕ್ಕೆ ಉತ್ತರ ಹುಡುಕಲು ನಾವು ಚರಿತ್ರೆಯನ್ನೇ ಕೇಳಬೇಕು.

ನಾವು ಗಡಿಯವರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿತು. ಮಡಕಶಿರ ಅದಕ್ಕೂ ಮೊದಲೇ ಅನಂತಪುರ ಜಿಲ್ಲೆಯಲ್ಲಿತ್ತು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಮನುಷ್ಯರಿಗೆ ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು. ಬೆಕ್ಕಿಗೆ ಮಾತ್ರ ಯಾವ ಗಡಿಯೂ ಇಲ್ಲ. 'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎಂದು ನಾವು ಮನೆಯಲ್ಲಿ ಹೇಳುತ್ತೇವೆ. 'ಪಿಲ್ಲಿಕಿ ಚೆಲಗಾಟಂ, ಎಲುಕಕು ಪ್ರಾಣಸಂಕಟಂ' ಎಂದು ಸಂತೆಯಲ್ಲಿ ಕೇಳುತ್ತೇವೆ. ಎರಡು ಭಾಷೆ, ಒಂದೇ ಗಾದೆ, ಒಂದೇ ಬೆಕ್ಕು!

ಕಾಳು ಬಂತು, ಬೆಕ್ಕು ಬಂತು

ಮನುಷ್ಯ ಬೆಕ್ಕನ್ನು ಹಿಡಿದು ತಂದು ಪಳಗಿಸಲಿಲ್ಲ. ಬೆಕ್ಕು ತಾನಾಗಿಯೇ ಬಂತು. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದ ಜನ ಬೇಸಾಯ ಕಲಿತು ಕಾಳು ಕೂಡಿಡತೊಡಗಿದರು. ಕಾಳಿಗೆ ಇಲಿ ಬಂತು. ಇಲಿಯ ಹಿಂದೆ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರ ಬಳಿ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕಿನ ಮೂಳೆಗಳು ಸಿಕ್ಕಿದ್ದನ್ನು ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ನಾಯಿಗೆ ನಾವು ಕೆಲಸ ಕಲಿಸಿದೆವು. ಬೆಕ್ಕು ಕೆಲಸ ಕಲಿತುಕೊಂಡೇ ನಮ್ಮ ಮನೆಗೆ ಬಂತು. ಈ ವ್ಯತ್ಯಾಸವನ್ನು ನೆನಪಿಡಬೇಕು.

ನಮ್ಮ ಕಡೆ ಆ ಕೆಲಸಕ್ಕೆ ಬರವಿರಲಿಲ್ಲ. ಇದು ಮಳೆ ಕೈಕೊಡುವ ಸೀಮೆ. ಒಂದು ವರ್ಷದ ಬೆಳೆ ಮುಂದಿನ ಬರಗಾಲಕ್ಕೂ ಆಗಬೇಕಿತ್ತು. ಆದ್ದರಿಂದ ರಾಗಿ, ಜೋಳ, ನವಣೆಗಳನ್ನು ನೆಲದೊಳಗಿನ ಹಗೇವಿನಲ್ಲಿ, ಮನೆಯೊಳಗಿನ ಕಣಜದಲ್ಲಿ, ಮಣ್ಣಿನ ಗುಡಾಣದಲ್ಲಿ ತುಂಬಿಡುತ್ತಿದ್ದರು. ಕಾಳು ಇದ್ದ ಮನೆಗೆ ಬೆಕ್ಕು ಬೇಕೇಬೇಕು. ಅದು ಮುದ್ದಿನ ಪ್ರಾಣಿಯಲ್ಲ, ಸಂಬಳವಿಲ್ಲದ ಕಾವಲುಗಾರ.

ಪುರಾಣದ ದಪ್ಪ ಬೆಕ್ಕು, ರಾಮಕೃಷ್ಣನ ಬಡಕಲು ಬೆಕ್ಕು

ಕೂತಲ್ಲೇ ಕೊಬ್ಬಿದ ಬೆಕ್ಕು ಹೊಸದೇನಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲೇ ಒಂದಿದೆ. ದುರ್ಯೋಧನನು ಉಲೂಕನ ಮೂಲಕ ಧರ್ಮರಾಯನಿಗೆ ಹೇಳಿಕಳಿಸಿದ ಕಥೆ ಅದು. ಗಂಗೆಯ ದಡದಲ್ಲಿ ಬೆಕ್ಕೊಂದು ಕೈಯೆತ್ತಿ ತಪಸ್ಸಿಗೆ ನಿಂತಿತು. ನಂಬಿದ ಇಲಿಗಳು ಅದನ್ನು ಸೋದರಮಾವನೆಂದು ಕರೆದು ಆಶ್ರಯ ಬೇಡಿದವು. ದಿನದಿನಕ್ಕೆ ಇಲಿಗಳ ಸಂಖ್ಯೆ ಇಳಿಯಿತು, ಮಾವನ ಮೈ ದುಂಡಗಾಯಿತು! ತಾನಾಗಿ ಬಾಯಿಗೆ ಬಂದು ಬೀಳುವ ಊಟ ಬೆಕ್ಕನ್ನು ಕೊಬ್ಬಿಸುತ್ತದೆ ಎಂಬುದು ಅಂದೇ ಗೊತ್ತಿತ್ತು. ಏಳನೆಯ ಶತಮಾನದಲ್ಲಿ ಮಹಾಬಲಿಪುರದ ಬಂಡೆಯ ಮೇಲೂ ಶಿಲ್ಪಿಗಳು ಒಂದು ತಪಸ್ವಿ ಬೆಕ್ಕನ್ನು ಕೆತ್ತಿದರು.

ಇನ್ನು ತೆನಾಲಿ ರಾಮಕೃಷ್ಣನ ಬೆಕ್ಕು. ಮಡಕಶಿರಕ್ಕೆ ಹತ್ತಿರದ ಪೆನುಕೊಂಡ 1565ರ ನಂತರ ವಿಜಯನಗರದ ಅರಸರ ರಾಜಧಾನಿಯಾಗಿತ್ತು. ಹಾಗಾಗಿ ಕೃಷ್ಣದೇವರಾಯನ ಕಥೆಗಳು ನಮಗೆ ಮನೆಯ ಕಥೆಗಳೇ. ಇಲಿಗಳ ಕಾಟ ಹೆಚ್ಚಾದಾಗ ರಾಯರು ಎಲ್ಲರಿಗೂ ಒಂದೊಂದು ಬೆಕ್ಕಿನ ಮರಿ, ಅದರ ಹಾಲಿಗೆ ಒಂದೊಂದು ಹಸು ಕೊಟ್ಟರಂತೆ. ರಾಮಕೃಷ್ಣ ಮೊದಲ ದಿನವೇ ಸುಡುಸುಡು ಹಾಲಿಟ್ಟ. ಬಾಯಿ ಸುಟ್ಟುಕೊಂಡ ಮರಿ ಮತ್ತೆ ಹಾಲಿನ ಕಡೆ ತಿರುಗಿ ನೋಡಲಿಲ್ಲ, ಹಾಲೆಲ್ಲ ಮನೆಯವರ ಪಾಲಾಯಿತು. ಇದು ಜನಪದ ಕಥೆ, ದಾಖಲೆಯಲ್ಲ. ಆದರೂ ನಾವು ಮಕ್ಕಳಿಗೆ ಕೇಳುವ ಪ್ರಶ್ನೆ ಬೇರೆ: ಉಳಿದವರ ಬೆಕ್ಕುಗಳು ಹಸುವಿನ ಹಾಲು ಕುಡಿದು ದಪ್ಪವಾದವಲ್ಲ, ಅವು ಇಲಿ ಹಿಡಿದವೇ? ಕಥೆ ಅದನ್ನು ಹೇಳುವುದೇ ಇಲ್ಲ!

ಮರಿಯ ಬಾಯಿ ಸುಡುವುದು ಕ್ರೌರ್ಯ, ಅದನ್ನು ಹೇಳಲೇಬೇಕು. ಜೊತೆಗೆ ಇನ್ನೊಂದು ಮಾತು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಸುವಿನ ಹಾಲು ಸರಿಯಾಗಿ ಜೀರ್ಣವಾಗುವುದಿಲ್ಲ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಮರಿತನ ಕಳೆದಂತೆ ಕುಗ್ಗುತ್ತದೆ. ಬೆಕ್ಕು ಮಾಂಸಾಹಾರಿ, ಅದಕ್ಕೆ ಬೇಕಾದ್ದು ನೀರು ಮತ್ತು ಮಾಂಸ.

ಮಾರಿ ಬಂದ ಕಾಲ

ಬೆಕ್ಕಿನ ಬೆಲೆ ಸರಕಾರಕ್ಕೂ ತಿಳಿದದ್ದು ಪ್ಲೇಗಿನ ಕಾಲದಲ್ಲಿ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರು ಮುಟ್ಟಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆಗ ಅಮರಾವತಿಯಲ್ಲಿದ್ದ (ಇದು ವಿದರ್ಭದ ಅಮರಾವತಿ, ನಮ್ಮ ರಾಜಧಾನಿಯಲ್ಲ) ಬುಕಾನನ್ ಎಂಬ ವೈದ್ಯಾಧಿಕಾರಿ ಬೆಕ್ಕು ಹೆಚ್ಚಿರುವ ಊರುಗಳಲ್ಲಿ ಪ್ಲೇಗು ಕಡಿಮೆ ಎಂದು ವಾದಿಸಿ 1908ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದರು. ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನುಷ್ಯರಿಗೂ ಬರಬಹುದು ಎಂಬುದು ಇಂದು ಗೊತ್ತಿದೆ. ಹಾಗಾಗಿ ಆ ವಾದವನ್ನು ಪೂರ್ತಿ ಒಪ್ಪಲಾಗದು. ಆದರೂ ಬೆಕ್ಕಿಗೆ ಅಂದು ಮನೆಯಲ್ಲೊಂದು ಹುದ್ದೆ ಇತ್ತು ಎಂಬುದಕ್ಕೆ ಇದು ಸಾಕ್ಷಿ.

ಹುದ್ದೆ ಹೋಯಿತು, ಊಟ ಉಳಿಯಿತು

ಆಮೇಲೆ ನಮ್ಮ ಹೊಲಗಳು ಬದಲಾದವು. ರಾಯದುರ್ಗದವರು ಶೇಂಗಾ ಎನ್ನುವ, ಮಡಕಶಿರದವರು ಕಡಲೆಕಾಯಿ ಎನ್ನುವ ಬೆಳೆ ರಾಗಿ ಜೋಳದ ಜಾಗ ಹಿಡಿಯಿತು. ಅದು ಮಾರುವ ಬೆಳೆ, ವರ್ಷಗಟ್ಟಲೆ ಕೂಡಿಡುವ ಬೆಳೆಯಲ್ಲ. 1983ರಲ್ಲಿ ಎನ್.ಟಿ.ರಾಮರಾವ್ ಸರಕಾರ ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಕೊಡತೊಡಗಿತು. ಬಡವರ ಹೊಟ್ಟೆ ತುಂಬಿತು, ಅದು ದೊಡ್ಡ ಮಾತು. ತಿಂಗಳು ತಿಂಗಳು ಅಕ್ಕಿ ಬರುವಾಗ ಹಗೇವು ಯಾರಿಗೆ ಬೇಕು? ಹಗೇವು ಮುಚ್ಚಿದವು, ಕಣಜ ಬರಿದಾಯಿತು, ಮಾಳಿಗೆ ಮನೆ ಹೋಗಿ ಆರ್.ಸಿ.ಸಿ. ಮನೆ ಬಂತು, ಅಂಗಡಿಯಲ್ಲಿ ಇಲಿ ಪಾಷಾಣ ಬಂತು.

ಅತ್ತ ಅಮೆರಿಕದಲ್ಲಿ 1947ರಲ್ಲಿ ಎಡ್ವರ್ಡ್ ಲೋ ಎಂಬಾತ ಬೆಕ್ಕು ಮನೆಯೊಳಗೇ ಮಲಮೂತ್ರ ಮಾಡಲು ಜೇಡಿಮಣ್ಣಿನ ಹರಳು ಮಾರತೊಡಗಿದ. ಬೆಕ್ಕು ಹೊರಗೆ ಹೋಗಬೇಕಾದ ಕಾರಣವೇ ಇಲ್ಲವಾಯಿತು! ಒಣ ಆಹಾರದ ಪೊಟ್ಟಣ, ಮರಿ ಹಾಕದಂತೆ ಮಾಡುವ ಶಸ್ತ್ರಚಿಕಿತ್ಸೆ ಇವೂ ಸೇರಿದವು. ಶಸ್ತ್ರಚಿಕಿತ್ಸೆ ಒಳ್ಳೆಯದೇ, ಆದರೆ ಅದಾದ ಮೇಲೆ ಬೆಕ್ಕಿಗೆ ಕಡಿಮೆ ಊಟ ಸಾಕು. ನಾವು ಹಾಕುವುದು ಮೊದಲಿನಷ್ಟೇ. ಫಲ ಎಲ್ಲರೂ ಕಾಣುವಂತಿದೆ: ಬೊಜ್ಜು, ಸಕ್ಕರೆ ಕಾಯಿಲೆ, ಕೀಲು ನೋವು. ತನ್ನ ಬೆನ್ನು ತಾನು ನೆಕ್ಕಿಕೊಳ್ಳಲಾಗದ ಬೆಕ್ಕು ಎಂಥ ಬೆಕ್ಕು?

ಹಾಗಾದರೆ ಏನು ಮಾಡೋಣ?

ಚರಿತ್ರೆಯೇ ಮದ್ದನ್ನೂ ಹೇಳುತ್ತದೆ. ಬೇಟೆಯ ಬೆಕ್ಕು ದಿನಕ್ಕೆ ಎಂಟು ಹತ್ತು ಸಣ್ಣ ಇಲಿಗಳನ್ನು ತಿನ್ನುತ್ತದೆ. ಒಂದೊಂದಕ್ಕೂ ಹೊಂಚಬೇಕು, ನೆಗೆಯಬೇಕು, ಎಷ್ಟೋ ಸಲ ಸೋಲಬೇಕು. ಅಂದರೆ ಸ್ವಲ್ಪ ಸ್ವಲ್ಪ ಊಟ, ಪ್ರತಿ ತುತ್ತಿಗೂ ಓಟ. ನಾವು ಅದನ್ನೇ ಮರಳಿ ಕೊಡಬೇಕು.

ಕೋಲಿಗೆ ಕೋಳಿಗರಿ ಕಟ್ಟಿ ಐದೋ ಹತ್ತೋ ನಿಮಿಷ, ದಿನಕ್ಕೆ ಎರಡು ಮೂರು ಸಲ ಆಡಿಸಿ. ಬೆಳಗಿನ ಜಾವ, ಮುಸ್ಸಂಜೆ ಬೆಕ್ಕಿಗೆ ಚುರುಕಿನ ಹೊತ್ತು. ಗರಿಯನ್ನು ಇಲಿಯಂತೆ ಅದರಿಂದ ದೂರ ಓಡಿಸಬೇಕು, ಮುಖಕ್ಕೆ ತಂದರೆ ಅದು ಆಡುವುದಿಲ್ಲ. ಕೊನೆಗೆ ಹಿಡಿಯಲು ಬಿಟ್ಟು ಒಂದು ತುತ್ತು ಕೊಡಿ. ದಾರವನ್ನು ಮಾತ್ರ ಅಲ್ಲೇ ಬಿಟ್ಟು ಬರಬೇಡಿ, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ದಿನದ ಊಟವನ್ನು ಅಳೆದು, ನಾಲ್ಕೈದು ಪಾಲು ಮಾಡಿ, ಮೆಟ್ಟಿಲ ಮೇಲೆ, ಕಿಟಕಿಯಲ್ಲಿ, ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬಚ್ಚಿಡಿ. ಹುಡುಕಿ ತಿನ್ನಲಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ, ಅದು ಬೆಕ್ಕಿಗೆ ವಿಷ.

'ಉಪವಾಸ ಕೆಡವಿದರೆ ತಾನೇ ಇಲಿ ಹಿಡಿಯುತ್ತದೆ' ಎನ್ನುವವರಿದ್ದಾರೆ. ಇದು ತಪ್ಪು ಮತ್ತು ಅಪಾಯ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ದಪ್ಪ ಬೆಕ್ಕು ಕೆಲವೇ ದಿನ ಊಟ ಬಿಟ್ಟರೂ ಕೊಬ್ಬು ಯಕೃತ್ತಿನಲ್ಲಿ ತುಂಬಿ ಪ್ರಾಣಕ್ಕೇ ಸಂಚಕಾರ. ತೂಕ ನಿಧಾನವಾಗಿ ಇಳಿಯಬೇಕು, ವಾರಕ್ಕೆ ನೂರಕ್ಕೆ ಒಂದರಷ್ಟು ಸಾಕು. ಮೊದಲು ಪಶುವೈದ್ಯರಿಗೆ ತೋರಿಸಿ.

ಮಕ್ಕಳಿಗೆ ಇಲ್ಲೊಂದು ಲೆಕ್ಕವಿದೆ. ತೂಕದ ಯಂತ್ರದ ಮೇಲೆ ಹುಡುಗ ಒಬ್ಬನೇ ನಿಂತರೆ 32 ಕಿಲೋ, ಬೆಕ್ಕನ್ನು ಎತ್ತಿಕೊಂಡರೆ 38. ಬೆಕ್ಕಿನ ತೂಕ 6 ಕಿಲೋ. ಅದು ನಾಲ್ಕೂವರೆಗೆ ಇಳಿಯಬೇಕೆಂದು ವೈದ್ಯರು ಹೇಳಿದರು. ವಾರಕ್ಕೆ 60 ಗ್ರಾಂ ಇಳಿದರೆ ಎಷ್ಟು ವಾರ? 25 ವಾರ, ಹೆಚ್ಚುಕಡಿಮೆ ಅರ್ಧ ವರ್ಷ! ಭಾಗಾಕಾರದ ಜೊತೆಗೆ ತಾಳ್ಮೆಯ ಪಾಠವೂ ಆಯಿತು.

ಬೆಕ್ಕು ನಮ್ಮ ಕಾಳು ಕಾಯಲು ಬಂದದ್ದು. ಕಾಳಿನ ಕಣಜವನ್ನು ನಾವು ತೆಗೆದೆವು, ಅದರ ಕೆಲಸವನ್ನೂ ತೆಗೆದೆವು. ಹೋದ ಕೆಲಸಕ್ಕೆ ಬದಲಾಗಿ ದಿನಕ್ಕೆ ಅರ್ಧ ಗಂಟೆಯ ಆಟ ಕೊಡುವುದು ನಮ್ಮ ಮೇಲಿರುವ ಋಣ. ಬೆಕ್ಕಿನ ಜೊತೆ ಓಡುವ ಮಗುವೂ ಅಷ್ಟು ಹೊತ್ತು ಮೊಬೈಲ್ ಕೆಳಗಿಡುತ್ತದೆ. ಹಾಗೆಯೇ ಮನೆಯ ಹಿರಿಯರನ್ನು ಒಮ್ಮೆ ಕೇಳಿ, ನಮ್ಮ ಹಗೇವು ಎಲ್ಲಿತ್ತು, ಅದರ ಬಾಯಿ ಹೇಗೆ ಮುಚ್ಚುತ್ತಿದ್ದಿರಿ ಎಂದು. ಕೇಳಿದ್ದನ್ನು ಕನ್ನಡದಲ್ಲೇ ಬರೆದಿಡಿ. ಅದೂ ಚರಿತ್ರೆಯೇ.