ಪ್ಲಿನಿಯ ಪತ್ರದ ಇಬ್ಬರು ದಾಸಿಯರು

ಪೊಂತ-ಬಿಥೂನ್ಯ ಪ್ರಾಂತದ ಅಧಿಪತಿ ಪ್ಲಿನಿಯು ಕ್ರಿ.ಶ. 112ರ ಸುಮಾರಿಗೆ ಚಕ್ರವರ್ತಿ ಟ್ರೇಜನನಿಗೆ ಬರೆದ ಪತ್ರವು ಆದಿಸಭೆಯ ಚರಿತ್ರೆಯನ್ನು ಓದುವ ನಮಗೆಲ್ಲ ಪರಿಚಿತವೇ. ಗೊತ್ತಾದ ದಿನದಲ್ಲಿ, ಬೆಳಗಾಗುವ ಮುನ್ನ, ಕ್ರೈಸ್ತರು ಕೂಡಿಬಂದು ಕ್ರಿಸ್ತನನ್ನು ದೇವರೆಂದು ಸ್ತುತಿಸುತ್ತಿದ್ದರೆಂಬ ಸಂಗತಿಗಾಗಿ ಅದನ್ನು ಉಲ್ಲೇಖಿಸುತ್ತೇವೆ. ಅದರ ಮುಂದೆಯೇ ಬರುವ ಒಂದು ವಾಕ್ಯವನ್ನು ಮಾತ್ರ ದಾಟಿಹೋಗುತ್ತೇವೆ. ಅನುವಾದದಲ್ಲಿ ಓದುವವರಿಗೆ ಅಲ್ಲಿ ನಿಲ್ಲಲು ಕಾರಣವೂ ಕಾಣದು.

ಲತೀನ್ ಮೂಲದಲ್ಲಿ ನಿಲ್ಲಲೇಬೇಕಾಗುತ್ತದೆ. ತಾನು ವಿಚಾರಣೆಗೊಳಪಡಿಸಿದ ಇಬ್ಬರು ಸ್ತ್ರೀಯರನ್ನು ಪ್ಲಿನಿಯು ‘ಆಂಕಿಲ್ಲ’ ಎನ್ನುತ್ತಾನೆ. ಅಂದರೆ ದಾಸಿ, ಒಡೆಯನ ಸ್ವತ್ತು. ಅನಂತರ, ಅವರು ‘ಮಿನಿಸ್ತ್ರ’ ಎಂದು ಕರೆಯಲ್ಪಡುತ್ತಿದ್ದರು ಎನ್ನುತ್ತಾನೆ. ಮೊದಲನೆಯದು ಕಾನೂನಿನ ಮಾತು, ಎರಡನೆಯದು ಸಭೆಯ ಮಾತು. ಕನ್ನಡದಲ್ಲಿ ಎರಡನ್ನೂ ‘ಸೇವಕಿ’ ಎಂದರೆ ಈ ಅಂತರ ಅಳಿದುಹೋಗುತ್ತದೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಫೊಯಿಬೆಗೆ ಪೌಲನು ಬಳಸಿದ ‘ದಿಯಾಕೊನೊಸ್’ ಎಂಬ ಗ್ರೀಕ್ ಪದಕ್ಕೆ ‘ಮಿನಿಸ್ತ್ರ’ ಸರಿಹೊಂದುತ್ತದೆ. ಆದರೆ ಮನೆಯಲ್ಲಿ ಊಟ ಬಡಿಸುವವಳಿಗೂ ಅದೇ ಪದವಿತ್ತಾದ್ದರಿಂದ, ನಂತರದ ಶತಮಾನಗಳ ಸಭಾಸೇವಕಿಯ ಪದವಿಯನ್ನು ಇಲ್ಲಿ ಪೂರ್ಣವಾಗಿ ಕಾಣಲು ಆತುರಪಡಬಾರದೆಂದು ನಮ್ಮ ಅಭಿಪ್ರಾಯ.

ಸತ್ಯವನ್ನು ತಿಳಿಯಲು ಆ ಇಬ್ಬರನ್ನು ಚಿತ್ರಹಿಂಸೆಗೊಳಪಡಿಸುವುದು ಅಗತ್ಯವೆಂದು ಪ್ಲಿನಿಯು ಭಾವಿಸಿದನು. ಇದನ್ನು ಹೇಳಲು ಅವನಿಗೆ ಎರಡು ಮೂರು ಪದಗಳು ಸಾಕಾದವು, ಸಂಕೋಚವಿಲ್ಲ, ಸಮರ್ಥನೆಯಿಲ್ಲ. ದಾಸರ ಸಾಕ್ಷ್ಯವನ್ನು ಹಿಂಸೆಯ ಮೂಲಕವೇ ಪಡೆಯುವುದು ರೋಮನ್ ನ್ಯಾಯಾಲಯಗಳ ರೂಢಿಯಾಗಿತ್ತು. ಅದೇ ಪತ್ರದಲ್ಲಿ, ರೋಮಿನ ಪೌರರಾಗಿದ್ದ ಕ್ರೈಸ್ತರನ್ನು ರಾಜಧಾನಿಗೆ ಕಳುಹಿಸಲು ಗುರುತುಮಾಡಿಕೊಂಡೆನೆಂದು ಬರೆಯುತ್ತಾನೆ. ಒಂದೇ ವಿಶ್ವಾಸ, ಎರಡು ಬಗೆಯ ದೇಹಗಳು!

ಇವನು ಕ್ರೂರಿಯೇ? ಅವನ ಇತರ ಪತ್ರಗಳನ್ನೂ ಓದಬೇಕು. ರಕ್ತ ಕಾರುತ್ತಿದ್ದ ಜೋಸಿಮನೆಂಬ ತನ್ನ ವಿಮೋಚಿತ ದಾಸನನ್ನು ಹವಾ ಬದಲಾವಣೆಗೆ ಐಗುಪ್ತಕ್ಕೆ ಕಳುಹಿಸಿದವನು ಇವನೇ. ಮನೆಯ ದಾಸರು ಸತ್ತಾಗ ದುಃಖಿಸಿದವನು, ಕಾನೂನು ಕೊಡದಿದ್ದ ಮರಣಶಾಸನದ ಹಕ್ಕನ್ನು ತನ್ನ ಮನೆಯ ಮಟ್ಟಿಗೆ ಅವರಿಗೆ ಕೊಟ್ಟವನು ಇವನೇ. ಅವನ ದಯೆ ನಿಜವಾದದ್ದು. ಅದು ಅವನ ಹೊಸ್ತಿಲಿಗೆ ಮುಗಿಯುತ್ತಿತ್ತು.

ವಿಚಾರಣೆಯಲ್ಲಿ ಮಿತಿಮೀರಿದ ಮೂಢನಂಬಿಕೆಯ ಹೊರತು ಬೇರೇನೂ ದೊರೆಯಲಿಲ್ಲವೆಂದು ವರದಿಮಾಡಿ, ಪ್ಲಿನಿಯು ದೇವಾಲಯಗಳ ಸ್ಥಿತಿಗೂ ಬಲಿಮಾಂಸದ ಮಾರಾಟಕ್ಕೂ ಮಾತು ಹೊರಳಿಸುತ್ತಾನೆ. ಆ ಸ್ತ್ರೀಯರ ಹೆಸರನ್ನಾಗಲಿ, ಮುಂದೆ ಅವರಿಗೆ ಏನಾಯಿತೆಂಬುದನ್ನಾಗಲಿ ಬರೆಯಲಿಲ್ಲ. ಟ್ರೇಜನನ ಚಿಕ್ಕ ಉತ್ತರದಲ್ಲಿ ಅವರ ಪ್ರಸ್ತಾಪವೇ ಇಲ್ಲ.